ಕಟ್ಟಲು ಬಾರದ ಎಲುಬು

ಮೂಡಲಗಿ,
ಗುರುವಾರ, ತಾ. ೨೨-೧-೧೯೫೯

ಬೆಲ್ಲದ ಬಾಗೇವಾಡಿಯ ಪ್ರಖ್ಯಾತ ಎಲುಬಿನ ವೈದ್ಯರೂ ನನ್ನ ಕೊರಳಿಗೆ ತಾಳಿ ಕಟ್ಟಿದವರೂ ಆದ ಶ್ರೀ ಲಗಮಣ್ಣನವರಿಗೆ,

ಶೆಟ್ಟೆವ್ವ ಮಾಡುವ ಶರಣು. ನಾನು ಇಲ್ಲಿ ಆರಾಮ ಇದ್ದೇನೆ. ನೀವು ಆರಾಮ ಇಲ್ಲ ಎಂಬುದನ್ನು ಮೊನ್ನೆ ಮಂಗಳವಾರ ಕಣ್ಣಾರೆ ನೋಡಿ ಬಂದಿದ್ದೇನೆ. ಆದ್ದರಿಂದ ನಿಮ್ಮ ಕ್ಷೇಮ ಸಮಾಚಾರ ಕೇಳುವ ಶಾಸ್ತ್ರವನ್ನು ಬಿಟ್ಟಿದ್ದೇನೆ.

ಗಂಡನ ಹೆಸರನ್ನು ಬಾಯಿಂದ ಹೇಳಬಾರದು, ಆಯುಷ್ಯ ಕಡಿಮೆಯಾಗುತ್ತದೆ ಎಂದು ನಿಮ್ಮ ಅವ್ವ ಕಾಡವ್ವ ನನಗೆ ಮದುವೆಯಾದ ವಾರದಲ್ಲೇ ಕಲಿಸಿದ್ದರು. ಬರೆಯಬಾರದು ಎಂದು ಹೇಳಿರಲಿಲ್ಲ. ಸೊಸೆಗೆ ಬರೆಯಲು ಬಂದೀತೆಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ನಿಮ್ಮ ಮನೆ ಬಿಟ್ಟು ಬಂದ ಮೇಲೆ ಇಲ್ಲಿಯ ದವಾಖಾನೆಯಲ್ಲಿ ಬಾಣಂತಿಯರ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ಅಲ್ಲಿಯ ಹೆಣ್ಣು ಡಾಕ್ಟರು, ನಾವು ಡಾಕ್ಟರ್ ಬಾಯಿ ಎನ್ನುವವರ ಕೈಯಲ್ಲಿ ಅಕ್ಷರ ಕಲಿತೆ. ಹೆಸರು ಬರೆದದ್ದರಿಂದ ನಿಮ್ಮ ಆಯುಷ್ಯ ಕಡಿಮೆಯಾಗುತ್ತದೆ ಎಂದಾದರೆ, ಆ ಕೆಲಸವನ್ನು ನೀವೇ ನನಗಿಂತ ಚೆನ್ನಾಗಿ ಮಾಡಿಕೊಳ್ಳುತ್ತಿದ್ದೀರಿ.

ಪತ್ರವನ್ನು ನನ್ನ ತಮ್ಮ ಉದ್ದಪ್ಪನ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ನಿಮಗೆ ಓದಲು ಬರುವುದಿಲ್ಲ. ನಿಮ್ಮೂರಲ್ಲಿ ಯಾರ ಮನೆಗೆ ಕಾಗದ ಬಂದರೂ ಓದಿ ಹೇಳುವವನು ಟಪಾಲು ಮಾಸ್ತರ ಅಲ್ಲಪ್ಪ. ಹಾಗಾದರೆ ಅಲ್ಲಪ್ಪಾ, ಇದನ್ನು ನೀನೇ ಓದುತ್ತಿದ್ದೀ. ನಿನ್ನದೊಂದು ಕೆಟ್ಟ ಚಟ ನನಗೆ ಗೊತ್ತು. ಕಾಗದದಲ್ಲಿ ಕಹಿ ಮಾತು ಬಂದರೆ ನುಂಗಿಬಿಡುತ್ತೀ. ಗೋಕಾಕಕ್ಕೆ ಕೊಟ್ಟ ದುಂಡಪ್ಪನ ಮಗಳು ಗಂಡ ಹೊಡೆಯುತ್ತಾನೆ ಎಂದು ಬರೆದಾಗ, ‘ಎಲ್ಲಾರೂ ಆರಾಮ ಅದಾರಂತ್ರಿ’ ಎಂದು ಓದಿದವನು ನೀನೇ. ಈ ಕಾಗದಕ್ಕೆ ಆ ಉಪಕಾರ ಮಾಡಬೇಡ. ಒಂದು ಅಕ್ಷರ ಬಿಡದೆ ಓದು. ಪಡಸಾಲೆಯಲ್ಲಿ ಜನ ಕೂತಿದ್ದರೆ ಕೂತಿರಲಿ. ಅವರನ್ನು ಎಬ್ಬಿಸಬೇಡ.

ವಿಷಯ ಇಷ್ಟೇ. ನಾಡಿದ್ದು ಶನಿವಾರ ಬೆಳಗಿನ ಒಂಬತ್ತು ಗಂಟೆಗೆ ಡಾಕ್ಟರ್ ಬಾಯಿಯವರು ಗೊತ್ತುಮಾಡಿದ ಜೀಪು ನಿಮ್ಮ ಮನೆಯ ಮುಂದೆ ಬಂದು ನಿಲ್ಲುತ್ತದೆ. ಉದ್ದಪ್ಪ ಮತ್ತು ಇನ್ನಿಬ್ಬರು ನಿಮ್ಮನ್ನು ಹೊರಸಿನ ಸಮೇತ ಹೊರಗೆ ತಂದು ಅದರಲ್ಲಿ ಮಲಗಿಸುತ್ತಾರೆ. ನೀವು ಬೆಳಗಾವಿಯ ದೊಡ್ಡ ದವಾಖಾನೆಗೆ ಹೋಗಬೇಕು. ಅಲ್ಲಿ ತೊಡೆಯ ಎಲುಬಿಗೆ ಉಕ್ಕಿನ ಮೊಳೆ ಹಾಕಿ ಕೂಡಿಸುತ್ತಾರೆ. ಹೋದರೆ ಮತ್ತೆ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆದೀರಿ. ಹೋಗದಿದ್ದರೆ ಅದೇ ಹೊರಸಿನ ಮೇಲೆ ಬೆನ್ನು ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ, ಯುಗಾದಿಯ ಒಳಗೆ ಸಾಯುತ್ತೀರಿ. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಹೆದರುವಷ್ಟು ಬುದ್ಧಿ ನಿಮಗಿದ್ದಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೋದ ಯುಗಾದಿಯ ಮರುವಾರ ನಿಮಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು ಎಂಬ ಸುದ್ದಿ ಬಂದಾಗ ನಾನು ಬಾಣಂತಿಯೊಬ್ಬಳ ಮಗ್ಗುಲಲ್ಲಿದ್ದೆ. ಕೈತೊಳೆದು ಬಂದು ಡಾಕ್ಟರ್ ಬಾಯಿಯವರನ್ನು ಕೇಳಿದೆ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಉದ್ದಪ್ಪನ ಕೈಯಲ್ಲಿ ಕಳಿಸಿದೆ. ದಿನಾ ಮುಂಜಾನೆ ಎಳೆಬಿಸಿಲಿಗೆ ಕೂರಿಸಬೇಕು. ಹಾಲು, ಮಜ್ಜಿಗೆ, ಬೇಳೆ, ಸೊಪ್ಪು ಹೊಟ್ಟೆತುಂಬ ಕೊಡಬೇಕು. ಗೋಡೆ ಹಿಡಿಸಿ ದಿನಕ್ಕೆ ಎರಡು ಸಲ ನಿಲ್ಲಿಸಬೇಕು, ಆ ಬಿದ್ದ ಕಾಲಿನ ಮೇಲೂ ಭಾರ ಬೀಳಬೇಕು. ನಡೆಯುವಾಗ ಬಲಗೈಯಲ್ಲಿ ಕೋಲು, ಎಡಮಗ್ಗುಲಲ್ಲಿ ಒಬ್ಬ ಮನುಷ್ಯ. ಇಷ್ಟೇ ಇತ್ತು ಚೀಟಿಯಲ್ಲಿ. ಅಲ್ಲಪ್ಪಾ, ಅದನ್ನೂ ನೀನೇ ಓದಿ ಹೇಳಿದ್ದೀ.

ನಿಮ್ಮ ತಂಗಿ ಕರೆವ್ವ ಅದಕ್ಕೆ ಕೊಟ್ಟ ಉತ್ತರವನ್ನು ಉದ್ದಪ್ಪ ನನಗೆ ಹಾಗೆಯೇ ತಂದು ಹೇಳಿದ. ‘ಗಂಡನ್ನ ಬಿಟ್ಟ ಹೋದಾಕಿ ಮಾತ ಕಟಗೊಂಡ ಏನ ಮಾಡೂದೈತಿ? ಲಕ್ವಾಕ್ಕ ಗಾಳಿ ತಾಗಬಾರದು, ಅಷ್ಟ ಗೊತ್ತಿಲ್ಲ ಅಕಿಗೆ?’ ಎಂದಳಂತೆ. ಅಂದು ಮಧ್ಯಾಹ್ನವೇ ಒಳಕೋಣೆಯ ಬೆಳಕಿಂಡಿಗೆ ಗೋಣಿತಟ್ಟು ಬಡಿದು, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ನಿಮ್ಮನ್ನು ಅದರೊಳಗೆ ಹಾಕಿದರು. ಪಾರಿವಾಳ ಕೊಯ್ದು ಅದರ ಬಿಸಿ ರಕ್ತವನ್ನು ಕಾಲಿಗೆ ತಿಕ್ಕಿದರು. ಹಾಲು ಥಂಡಿ, ಮಜ್ಜಿಗೆ ಥಂಡಿ, ಸೊಪ್ಪು ವಾಯು ಎಂದು ಎಲ್ಲ ಬಿಡಿಸಿ ಜೋಳದ ಗಂಜಿ ಹಾಕಿದರು. ಒಂಬತ್ತು ತಿಂಗಳು ನೀವು ಸೂರ್ಯನ ಮುಖ ನೋಡಲಿಲ್ಲ. ಕೋಳಿಯನ್ನು ಕಾವಿಗೆ ಕೂರಿಸುವವರು ಕೂಡ ದಿನಕ್ಕೊಮ್ಮೆ ಅದನ್ನು ಹೊರಗೆ ಬಿಡುತ್ತಾರೆ.

ಕರೆವ್ವನನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅವಳು ಕಂಡದ್ದು ಅಷ್ಟು. ನನಗೆ ಹೇಸಿಗೆ ಬಂದದ್ದು ನಿಮ್ಮ ಬಗ್ಗೆ. ಮೂವತ್ತು ವರ್ಷ ಎಲುಬು ಮುಟ್ಟಿ ಬದುಕಿದವರು ನೀವು. ಕಟ್ಟು ಬಿಚ್ಚಿದ ಮೇಲೆ ಕೈಕಾಲು ಎಷ್ಟು ಸಣಕಲಾಗಿರುತ್ತವೆ ಎಂದು ಸಾವಿರ ಸಲ ನೋಡಿದ್ದೀರಿ. ಬಿಚ್ಚಿದ ದಿನದಿಂದಲೇ ದುಡಿಸಬೇಕು ಎಂದು ಬೇರೆಯವರಿಗೆ ಗದರಿಸಿ ಹೇಳುತ್ತಿದ್ದಿರಿ. ನಿಮ್ಮ ಕಾಲಿನ ಪಾಳಿ ಬಂದಾಗ ಪಾರಿವಾಳದ ರಕ್ತ ಬಳಿಸಿಕೊಂಡು ಕತ್ತಲೆಯಲ್ಲಿ ಹೊದ್ದು ಮಲಗಿದಿರಿ. ಆಮೇಲೆ ಮೂರು ಸಲ ನಾನು ಹೇಳಿಕಳಿಸಿದೆ. ಮೂರು ಸಲವೂ ‘ನಮ್ಮ ಮನಿತನದಾಗ ಎಲುಬ ಕಲ್ಲ ಇದ್ದಂಗ ಇರತಾವು, ಅಕಿಗೆ ಚಿಂತಿ ಬ್ಯಾಡಂತ ಹೇಳ’ ಎಂದಿರಿ.

ಕಲ್ಲು ಹೇಗಾಯಿತು ಎಂಬುದನ್ನು ಡಾಕ್ಟರ್ ಬಾಯಿಯವರು ನನಗೆ ಬಿಡಿಸಿ ಹೇಳಿದ್ದಾರೆ. ಅವರ ಮಾತನ್ನೇ ಬರೆಯುತ್ತೇನೆ. ‘ಶೆಟ್ಟೆವ್ವಾ, ಎಲುಬಿಗೂ ದುಡಿಮಿ ಬೇಕವ್ವಾ. ಮ್ಯಾಲೆ ಭಾರ ಬೀಳಲಿಲ್ಲಂದ್ರ ಅದು ಒಳಗಿಂದೊಳಗ ಕರಗತೈತಿ. ಲಕ್ವಾ ಆದ ಮಗ್ಗಲದ್ದು ಮತ್ತಷ್ಟು ಲಗೂ ಕರಗತೈತಿ. ಬಿಸಲಿಲ್ಲ, ಹಾಲಿಲ್ಲ ಅಂದ್ರ ಕೇಳೂದ ಬ್ಯಾಡ. ಮತ್ತ ಈ ಮಂದಿ ಬೀಳೂದೂ ಅದ ಮಗ್ಗಲಕ್ಕ.’ ನುಸಿ ಹಿಡಿದ ಜೋಳದ ಕಾಳು ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ, ಹಿಚುಕಿದರೆ ಹಿಟ್ಟು. ನಿಮ್ಮ ಎಡತೊಡೆಯ ಎಲುಬು ಹಾಗಾಗಿತ್ತು. ಅದನ್ನು ಹಾಗೆ ಮಾಡಲು ನೀವು ಮತ್ತು ನಿಮ್ಮ ತಂಗಿ ಒಂಬತ್ತು ತಿಂಗಳು ಬಹಳ ಕಷ್ಟಪಟ್ಟಿದ್ದೀರಿ.

ಆಮೇಲೆ ಬಿದ್ದದ್ದಾದರೂ ಹೇಗೆ. ಹೊಲದಲ್ಲಿ ಎತ್ತು ಹಾಯ್ದಿದ್ದರೆ, ಅಟ್ಟದಿಂದ ಜಾರಿದ್ದರೆ ಹೇಳಿಕೊಳ್ಳಲಿಕ್ಕೆ ಒಂದು ಮಾತಿರುತ್ತಿತ್ತು. ಸಂಕ್ರಮಣದ ದಿನ ನಿಡಸೋಸಿಯ ಕಡೆಯವನೊಬ್ಬ ಮಣಿಕಟ್ಟು ಉಳುಕಿಸಿಕೊಂಡು ಬಂದ. ವೈದ್ಯರು ಕೋಲು ಹಿಡಿದು ಬಂದರೆ ಬಂದವನ ಕಣ್ಣಲ್ಲಿ ಬೆಲೆ ಕಡಿಮೆಯಾದೀತು. ಕೋಲನ್ನು ಹೊರಸಿನ ಕೆಳಗೆ ತಳ್ಳಿ, ಮೀಸೆ ಸವರಿಕೊಂಡು ಒಬ್ಬರೇ ಎದ್ದಿರಿ. ಎಡಗಾಲಿನ ಬೆರಳು ಕಂಬಳಿಯ ಅಂಚಿಗೆ ಸಿಕ್ಕಿತು. ಸತ್ತ ಕೈ ನೆಲಕ್ಕೆ ಊರಲು ಬರಲಿಲ್ಲ. ನಿಂತ ಎತ್ತರದಿಂದ ಬಿದ್ದು ತೊಡೆ ಮುರಿದುಕೊಂಡಿರಿ. ಉಳುಕಿದ ಕೈಯವನೇ ನಿಮ್ಮನ್ನು ಎತ್ತಿ ಮಲಗಿಸಿದನಂತೆ.

ಅಷ್ಟಾದರೂ ಮುರಿದಿದೆ ಎಂದು ಒಪ್ಪಿದಿರಾ? ಇಲ್ಲ. ನೋವು ಬಹಳ ಇಲ್ಲ ಎಂದಿರಿ. ಕಾಲು ಹೊರಮುಖವಾಗಿ ತಿರುಗಿ ಬಿದ್ದದ್ದನ್ನು ತೋರಿಸಿದರೆ, ‘ಲಕ್ವಾ ಕಾಲ ಹಂಗ ತಿರಗತೈತಿ, ನನಗ ಹೇಳಾಕ ಬರಬ್ಯಾಡ್ರಿ’ ಎಂದು ಊರವರನ್ನು ಗದರಿಸಿದಿರಿ. ಲಕ್ವಾ ಹೊಡೆದ ಕಾಲಿಗೆ ನೋವು ಅರ್ಧ ಸತ್ತಿರುತ್ತದೆ ಎಂಬುದು ಎಲುಬಿನ ವೈದ್ಯರಿಗೆ ಹೊಳೆಯಲಿಲ್ಲ. ಮುರಿದ ಎಲುಬಿನ ಮೇಲೆ ಕರೆವ್ವ ಆರು ದಿನ ಬಿಸಿ ಎಣ್ಣೆ ಹಾಕಿ ತಿಕ್ಕಿದ್ದಾಳೆ. ಕಾಲು ನೆಟ್ಟಗಾಗಲಿ ಎಂದು ಎಳೆದಿದ್ದಾಳೆ. ನೀವು ಮಲಗಿದಲ್ಲಿಂದಲೇ, ಇನ್ನೂ ಸ್ವಲ್ಪ ಜೋರಾಗಿ ಎಳೆ ಎಂದು ಅಪ್ಪಣೆ ಕೊಟ್ಟಿದ್ದೀರಿ.

ಏಳನೆಯ ದಿನ ನನಗೆ ಹೇಳಿಕಳಿಸಿದಿರಿ. ನಾನು ಬಂದೆ. ಹತ್ತು ವರ್ಷದ ಮೇಲೆ ಆ ಹೊಸ್ತಿಲು ದಾಟಿದೆ. ಮೊದಲು ಮಾಡಿದ ಕೆಲಸ ಬೆಳಕಿಂಡಿಯ ತಟ್ಟು ಕಿತ್ತದ್ದು. ಬೆಳಕು ಬಿದ್ದಾಗ ಹೊರಸಿನ ಮೇಲೆ ಕಂಡದ್ದು ಅರವತ್ತೆರಡರ ಮುದುಕನಲ್ಲ, ಅದಕ್ಕಿಂತ ಇಪ್ಪತ್ತು ವರ್ಷ ಹೆಚ್ಚಿನವನು. ಎರಡೂ ಹಿಮ್ಮಡಿ ಕೂಡಿಸಿ ಅಳೆದೆ. ಎಡಗಾಲು ಎರಡು ಬೆರಳು ಗಿಡ್ಡ. ಬೇರೆ ಪರೀಕ್ಷೆ ಬೇಕಿರಲಿಲ್ಲ. ತೊಡೆಯ ಎಲುಬಿನ ಕುತ್ತಿಗೆ ಟೊಂಕದ ಕೀಲಿನ ಹತ್ತಿರ ಮುರಿದಿದೆ, ಬೆಳಗಾವಿಗೆ ಹೋಗಬೇಕು ಎಂದೆ. ಆಗ ನೀವು ಪಡಸಾಲೆಯಲ್ಲಿ ಕೂತ ಎಂಟು ಹತ್ತು ಜನರಿಗೆ ಕೇಳುವ ಹಾಗೆ ಹೇಳಿದ್ದು ನೆನಪಿದೆಯಲ್ಲ. ‘ಶೆಟ್ಟೆವ್ವನ ಕೈ ಇರೂತನಕ ನಾ ಯಾವ ಬೆಳಗಾವಿಗೂ ಹೋಗಂಗಿಲ್ಲ. ಅಕಿ ಕೈ ನಮ್ಮವ್ವನ ಕೈ. ಅಕಿ ಕಟ್ಟಿದರ ಕೂಡತೈತಿ, ಇಲ್ಲಂದ್ರ ಇಲ್ಲ.’ ನಾನು ಆಗುವುದಿಲ್ಲ ಎಂದಾಗ ಕರೆವ್ವ ಸೆರಗು ಬಾಯಿಗೆ ಇಟ್ಟುಕೊಂಡು, ‘ಹಳೇ ಸಿಟ್ಟ ತೀರಿಸಾಕತ್ತಾಳ’ ಎಂದಳು. ನೀವು ಗೋಡೆಯ ಕಡೆಗೆ ಮುಖ ತಿರುಗಿಸಿದಿರಿ.

ಸಿಟ್ಟು ತೀರಿಸುವ ಕೈ ಇದ್ದವಳು ನೀವು ಕೇಳಿದ ಹಾಗೆ ಬಿದಿರ ದಬ್ಬೆ ಇಟ್ಟು, ಉದ್ದಿನ ಹಿಟ್ಟು ತತ್ತಿ ಬಳಿದು, ಬಟ್ಟೆ ಸುತ್ತಿ, ನಲವತ್ತೈದು ದಿನ ಅಲುಗಾಡಬೇಡಿ ಎಂದು ಹೇಳಿ ಬಸ್ಸು ಹತ್ತುತ್ತಿದ್ದಳು. ಅದಕ್ಕಿಂತ ಹಗುರಾದ ಕೊಲೆ ಇಲ್ಲ. ನೀವೇ ಬಾಯಿ ತುಂಬ ಆಶೀರ್ವಾದ ಮಾಡಿ ಕಳಿಸುತ್ತಿದ್ದಿರಿ.

ನಿಮ್ಮ ಅವ್ವನ ಕೈಯ ವಿಷಯ ತೆಗೆದಿರಿ. ಹಾಗಾದರೆ ಆ ಕೈಯ ವಿಷಯವನ್ನೇ ಹೇಳುತ್ತೇನೆ. ಅಲ್ಲಪ್ಪಾ, ದನಿ ತಗ್ಗಿಸಬೇಡ. ಕಾಡವ್ವ ತಮ್ಮ ವಿದ್ಯೆಯನ್ನು ಮಗನಿಗಿಂತ ಸೊಸೆಗೆ ಹೆಚ್ಚು ಕಲಿಸಿದರು. ಕೈ, ಮೊಣಕೈ, ಮೊಣಕಾಲ ಕೆಳಗಿನ ಎಲುಬು, ಎಲ್ಲ ಕಲಿಸಿದರು. ಒಮ್ಮೆ ಘೋಡಗೇರಿಯಿಂದ ಒಬ್ಬ ಮುದುಕಿಯನ್ನು ಹೊತ್ತು ತಂದರು. ಅವಳಿಗೂ ಲಕ್ವಾ ಆಗಿ ಎರಡು ವರ್ಷವಾಗಿತ್ತು, ಅವಳೂ ಬಿದ್ದಿದ್ದಳು, ಅವಳ ಪಾದವೂ ನಿಮ್ಮದರಂತೆಯೇ ಹೊರಗೆ ತಿರುಗಿತ್ತು. ಕಾಡವ್ವ ಮುಟ್ಟಿ ನೋಡಿ, ನರ ಸರಿದಿದೆ ಎಂದು ಹೇಳಿ ಎಣ್ಣೆ ಕೊಟ್ಟು ಕಳಿಸಿದರು. ಅವರು ಹೋದ ಮೇಲೆ ನನ್ನ ಕಿವಿಯಲ್ಲಿ ಹೇಳಿದರು, ‘ಟೊಂಕದ ಎಲುಬ ಯಾರ ಕೈಗೂ ಕೂಡಂಗಿಲ್ಲ ಮಗಳ. ಕಟ್ಟಬ್ಯಾಡ, ಜಗ್ಗಬ್ಯಾಡ. ಮುರದೈತಿ ಅಂತನೂ ಹೇಳಬ್ಯಾಡ. ನರ ಅನ್ನು. ಹೆಸರ ಉಳೀತೈತಿ.’ ಆ ಮುದುಕಿ ಮೂರು ತಿಂಗಳಲ್ಲಿ ಹೋದಳು. ಲಕ್ವಾದಿಂದ ಹೋದಳು ಎಂದರು.

ಆಮೇಲೆ ನಾನೂ ಹಾಗೆಯೇ ಹೇಳಿದ್ದೇನೆ. ಎಷ್ಟು ಜನರಿಗೆ ಹೇಳಿದ್ದೇನೆ ಎಂದು ಎಣಿಸಲು ಹೋಗಿಲ್ಲ. ನಿಮ್ಮ ಮನೆತನದ ಹೆಸರು ಹಾಗೆ ಉಳಿದು ಬಂದಿದೆ. ಈಗ ಅದನ್ನು ನಿಮ್ಮ ಟೊಂಕದ ಮೇಲೆ ಹೊರಿಸಿಕೊಂಡು ಮಲಗಿದ್ದೀರಿ.

ಇನ್ನೊಂದು ಮಾತು. ಹೋದ ವರ್ಷ ಇಲ್ಲಿಯ ಒಬ್ಬ ಗಾಡಿಯವನ ಮುಂಗೈ ಮುರಿದು, ನಾನು ಕಟ್ಟಿ, ಕೂಡಿತು. ಕೈಗುಣ ಎಂದು ಬಾಜೂ ಓಣಿಯವರೆಲ್ಲ ಹೊಗಳಿದರು. ಮುಂದೆ ಬೇರೆ ಕಾರಣಕ್ಕೆ ಅವನು ಬೆಳಗಾವಿಗೆ ಹೋದಾಗ ಎಲುಬಿನ ಫೋಟೋ ತೆಗೆದು ಕೊಟ್ಟರು. ಆ ಕರಿ ಹಾಳೆಯನ್ನು ಡಾಕ್ಟರ್ ಬಾಯಿಯವರು ಕಿಟಕಿಗೆ ಹಿಡಿದು ನನಗೆ ತೋರಿಸಿದರು. ಎರಡು ತುಂಡು ಒಂದರ ಮೇಲೊಂದು ಹತ್ತಿಕೊಂಡು ಕೂಡಿದ್ದವು. ನನ್ನ ಬೆರಳುಗಳು ಅಲ್ಲಿ ಎಲ್ಲ ನೆಟ್ಟಗಿದೆ ಎಂದು ನನಗೆ ಹೇಳಿದ್ದವು. ಆ ದಿನ ಊಟ ಸೇರಲಿಲ್ಲ. ಇದನ್ನು ಮಂಗಳವಾರ ನಿಮಗೆ ಹೇಳಿದೆ. ನೀವು ನಕ್ಕಿರಿ. ಅರ್ಧ ಬಾಯಿಯಲ್ಲಿ ನಕ್ಕು, ‘ಫೋಟೋಕ್ಕ ಏನ ತಿಳೀತೈತಿ’ ಎಂದಿರಿ.

ನಿಮ್ಮ ಈ ಮೊಂಡುತನಕ್ಕೆ ಕಾರಣ ನನಗೆ ಗೊತ್ತು. ಅದನ್ನೂ ಬರೆಯುತ್ತೇನೆ. ಕಾರಣ ಈ ಕಾಗದ ಓದುತ್ತಿರುವ ಅಲ್ಲಪ್ಪನ ಕಾಲು.

ಹನ್ನೊಂದು ವರ್ಷದ ಹಿಂದೆ, ಸ್ವಾತಂತ್ರ್ಯ ಬಂದ ಮರುವರ್ಷ, ಅಲ್ಲಪ್ಪ ಹದಿನಾರರ ಹುಡುಗ. ಚಕ್ಕಡಿಯಿಂದ ಬಿದ್ದು ಮೊಣಕಾಲ ಕೆಳಗೆ ಮುರಿದುಕೊಂಡ. ಅವನ ಅವ್ವ ಭರಮವ್ವ ಗಂಡ ಸತ್ತವಳು, ಅವಳಿಗೆ ಇದ್ದವನು ಇವನೊಬ್ಬ. ಗಂಡಸರ ಎಲುಬನ್ನು ನೀವು ಕಟ್ಟುತ್ತಿದ್ದಿರಿ, ಹೆಂಗಸರದು ನನ್ನ ಪಾಲು. ಹಾಗಾಗಿ ನೀವು ಕಟ್ಟಿದಿರಿ. ನಲವತ್ತೈದು ದಿನಕ್ಕೆ ಬಿಚ್ಚಿದಾಗ ಕಾಲು ಸೊಟ್ಟಗೆ ಕೂಡಿತ್ತು. ಊರ ಮುಂದೆ ಭರಮವ್ವ ನಿಮ್ಮ ಮೇಲೆ ಮಣ್ಣು ತೂರಿದಳು. ಹೊಲ ಉಳಲು ಬಾರದ ಹುಡುಗ ಸಾಲಿ ಓದಿದ, ಟಪಾಲು ಮಾಸ್ತರ ಆದ. ಅದೂ ನಿಮ್ಮ ಕೈಗುಣವೇ ಎಂದು ಜನ ಆಡಿಕೊಂಡು ನಕ್ಕರು.

ಆಮೇಲೆ ನೀವು ಮುರಿದ ಎಲುಬನ್ನು ಮುಟ್ಟಲಿಲ್ಲ. ಉಳುಕು ತಿಕ್ಕುವುದು, ಕೀಲು ಕೂರಿಸುವುದು ಅಷ್ಟೇ. ಯಾರು ಮುರಿದುಕೊಂಡು ಬಂದರೂ ಒಳಗೆ ನನ್ನ ಕಡೆಗೆ ಕಳಿಸಿದಿರಿ. ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿರುತ್ತಿದ್ದಿರಿ. ಆ ತಗ್ಗಿದ ತಲೆ ನೋಡಿ ನೋಡಿ ನನಗೆ ರೋಸಿಹೋಯಿತು. ‘ನಿಮ್ಮವ್ವ ನಿಮಗ ಕಲಿಸಿದ್ದು ದಂಡ ಆತು’ ಎಂದು ಊಟದ ಹೊತ್ತಿಗೆ, ನೀರು ಕೊಡುವ ಹೊತ್ತಿಗೆ, ಬಂದವರ ಎದುರಿಗೆ ಹೇಳಿದೆ. ನೀವು ಒಂದು ಸಲವೂ ತಿರುಗಿ ಮಾತಾಡಲಿಲ್ಲ. ಮಕ್ಕಳಿಲ್ಲದ ಮನೆ, ತಡೆಯುವವರು ಯಾರು. ನಾನು ಟ್ರಂಕು ಎತ್ತಿಕೊಂಡು ತಮ್ಮನ ಮನೆಗೆ ಬಂದೆ. ಯಾಕೆ ಬಿಟ್ಟು ಬಂದಿ ಎಂದು ಕೇಳಿದವರಿಗೆಲ್ಲ, ಕೈಲಾಗದ ಗಂಡಸಿನ ಜೊತೆ ಬಾಳುವೆ ಮಾಡಲಾರೆ ಎಂದು ಹೇಳಿದೆ.

ಅಷ್ಟಕ್ಕೂ ನಿಮಗೆ ನಾಚಿಕೆ ಬರಲಿಲ್ಲ. ಹತ್ತು ವರ್ಷದಿಂದ ಬಾಗೇವಾಡಿಯಲ್ಲಿ, ಹುಕ್ಕೇರಿಯ ಸಂತೆಯಲ್ಲಿ ಯಾರದೇ ಕೈಕಾಲು ಮುರಿಯಲಿ, ‘ಮೂಡಲಗಿಗೆ ಹೋಗ್ರಿ, ಅಲ್ಲಿ ನಮ್ಮಾಕಿ ಅದಾಳ, ಅಕಿ ಕೈ ದೇವರ ಕೈ’ ಎಂದು ಹೇಳಿ ಕಳಿಸುತ್ತೀರಂತೆ. ಬಿಟ್ಟು ಹೋದ ಹೆಂಡತಿಯ ಜಾಹೀರಾತು ಮಾಡುವ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಂದವರು ನಿಮ್ಮ ಹೆಸರು ಹೇಳಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ವಾಭಿಮಾನ ಇಲ್ಲದ ಮನುಷ್ಯ ಎಂದು ಬಯ್ದುಕೊಂಡೇ ಅವರ ಕೈಕಾಲು ಕಟ್ಟಿ ಕಳಿಸುತ್ತಿದ್ದೆ.

ಈಗ ಆ ಭಕ್ತಿಯೇ ನಿಮ್ಮನ್ನು ಹೊರಸಿಗೆ ಕಟ್ಟಿಹಾಕಿದೆ. ನಿಮ್ಮ ಕೈ ಕೆಟ್ಟದ್ದು, ನನ್ನ ಕೈ ದೇವರದು, ಬೆಳಗಾವಿಯ ಡಾಕ್ಟರರ ಕೈ ಯಾವ ಲೆಕ್ಕ. ಡಾಕ್ಟರ್ ಬಾಯಿಯವರು ನಿನ್ನೆ ಮತ್ತೆ ಹೇಳಿದರು, ಇನ್ನು ತಡಮಾಡಿದರೆ ಅಲ್ಲಿಯವರೂ ಕೈ ಚೆಲ್ಲಿಯಾರು ಎಂದು. ಜೀಪು ಒಂದೇ ಸಲ ಬರುತ್ತದೆ. ಅದನ್ನು ಕೇಳಿ ತರಲು ನಾನು ಹಿಡಿಯಬಾರದವರ ಕಾಲು ಹಿಡಿದಿದ್ದೇನೆ. ನೀವು ಗೋಡೆಯ ಕಡೆ ತಿರುಗಿ ಮಲಗಿ ಅದನ್ನು ಹಿಂದೆ ಕಳಿಸಿದರೆ, ಆಮೇಲೆ ನನಗೆ ಹೇಳಿಕಳಿಸಬೇಡಿ. ಮಣ್ಣಿಗೂ ಬರುವುದಿಲ್ಲ.

ಕರೆವ್ವನಿಗೆ ಹೇಳಿ, ಜೀಪಿನಲ್ಲಿ ಅವಳೂ ಬರಲಿ. ಎಣ್ಣೆಯ ಬಾಟಲಿ ಮನೆಯಲ್ಲೇ ಇರಲಿ. ಹೊರಸಿನಿಂದ ಎತ್ತುವಾಗ ಎಡಗಾಲನ್ನು ಯಾರೂ ಎಳೆಯಬಾರದು, ಎರಡು ಕಾಲುಗಳ ನಡುವೆ ದಿಂಬು ಇಟ್ಟು ಸಡಿಲವಾಗಿ ಕೂಡಿಸಿ ಕಟ್ಟಬೇಕು. ಇಷ್ಟನ್ನಾದರೂ ಕೇಳಿರಿ.

ಮೂರು ದಿನದಿಂದ ಈ ಪತ್ರವನ್ನು ಮನಸ್ಸಿನಲ್ಲಿ ಬರೆದು ಅಳಿಸಿ ಸಾಕಾಗಿದೆ. ಬಯ್ಯುವುದು ಮುಗಿಯಿತು.

ಇತಿ, ನೀವು ಬಿಡದೆ ಹೊಗಳುತ್ತ ಬಂದ,
ಶೆಟ್ಟೆವ್ವ ಲಗಮಣ್ಣ

ತಾ.ಕ.: ಪತ್ರ ಮಡಚಿ ಉದ್ದಪ್ಪನ ಕೈಗೆ ಕೊಟ್ಟಿದ್ದೆ. ತಿರುಗಿ ಇಸಕೊಂಡು ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾವ ಮಾತಿಗೂ ನೀವು ಹೊರಸು ಬಿಟ್ಟು ಏಳುವುದಿಲ್ಲ ಎಂಬುದು ನನಗೆ ಗೊತ್ತು.

ಅಲ್ಲಪ್ಪನ ಕಾಲನ್ನು ಸೊಟ್ಟ ಮಾಡಿದ್ದು ನೀವಲ್ಲ. ನೀವು ಕಟ್ಟಿದ ಐದನೆಯ ದಿನ ಹುಕ್ಕೇರಿಯ ಸಂತೆಗೆ ಹೋಗಿದ್ದಿರಿ. ಹುಡುಗನ ಬೆರಳು ಊದಿವೆ ಎಂದು ಭರಮವ್ವ ಓಡಿ ಬಂದಳು. ನಾನು ಹೋದೆ. ಮೇಲಿನ ಎರಡು ಸುತ್ತು ಸಡಿಲಿಸಿದ್ದರೆ ಸಾಕಿತ್ತು. ಆದರೆ ನಿಮ್ಮ ಅವ್ವ ಮಗನ ಕೈಗಿಂತ ನನ್ನ ಕೈ ಮೇಲು ಎಂದು ಹೇಳಿ ಸತ್ತಿದ್ದರು, ಅದು ನನ್ನ ತಲೆಗೆ ಏರಿತ್ತು. ಪೂರ್ತಿ ಬಿಚ್ಚಿದೆ. ಬೆರಳಾಡಿಸಿ ನೋಡಿದೆ. ಎಲುಬು ನೆಟ್ಟಗೇ ಇತ್ತು. ನೆಟ್ಟಗಿದ್ದದ್ದು ನನಗೆ ಸರಿಬರಲಿಲ್ಲ. ಎಳೆದು, ನನ್ನ ಮನಸ್ಸಿಗೆ ಬಂದಂತೆ ಮತ್ತೆ ಕೂಡಿಸಿ ಕಟ್ಟಿದೆ. ಬರಿ ಸಡಿಲಿಸಿದ್ದೇನೆ, ಅವರಿಗೆ ಹೇಳಬೇಡ, ಸಿಟ್ಟಾಗುತ್ತಾರೆ ಎಂದು ಭರಮವ್ವನ ಬಾಯಿ ಮುಚ್ಚಿಸಿದೆ. ಹುಡುಗ ನೋವಿಗೆ ಎಚ್ಚರ ತಪ್ಪಿದ್ದ. ಭರಮವ್ವ ಈಗಿಲ್ಲ. ಈ ಭೂಮಿಯ ಮೇಲೆ ಇದು ಗೊತ್ತಿದ್ದವಳು ನಾನೊಬ್ಬಳೇ.

ಅವಳು ನಿಮ್ಮ ಮೇಲೆ ಮಣ್ಣು ತೂರಿದಾಗ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ದಿನಾ ಆ ಹುಡುಗ ಕಾಲೆಳೆಯುತ್ತ ನಮ್ಮ ಮನೆಯ ಮುಂದೆ ಹಾಯ್ದು ಸಾಲಿಗೆ ಹೋಗುತ್ತಿದ್ದ. ಅದನ್ನು ನೋಡಲಾರದೆ ಊರು ಬಿಟ್ಟೆ. ನಿಮ್ಮನ್ನು ಹೀಯಾಳಿಸಿದ್ದು ನನ್ನ ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು, ಈ ಪತ್ರದಲ್ಲೂ ಅದೇ ಬಂದಿದೆ.

ಅಲ್ಲಪ್ಪಾ, ಇಲ್ಲಿಯ ತನಕ ಓದಿದ್ದರೆ ನಿನಗೆ ನನ್ನ ಮುಖ ತೋರಿಸುವ ಯೋಗ್ಯತೆ ನನಗಿಲ್ಲ. ಶನಿವಾರ ನಾನು ಜೀಪಿನಲ್ಲಿ ಕೂತು ಬರುತ್ತೇನೆ. ಏನು ಅನ್ನಬೇಕೋ ಊರ ಮುಂದೆ ಅನ್ನು.

ನೀವು ಕಟ್ಟಿದ್ದು ನೆಟ್ಟಗಿತ್ತು. ನನ್ನ ಕೈಯನ್ನು ನಂಬಿ ಮನೆಯಲ್ಲಿ ಮಲಗಬೇಡಿ. ಬೆಳಗಾವಿಗೆ ನಡೆಯಿರಿ.

ಶೆ.